ನಗೆಗೂ ಒಂದು ಮರ್ಯಾದೆ
(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣದ ಬರಹರೂಪ)



ಸಮಿತಿಯವರು ನನಗೆ ಕೊಟ್ಟ ವಿಷಯ 'ಹಾಸ್ಯ ಮತ್ತು ಸೌಜನ್ಯ'. ಕೊಟ್ಟ ಹೊತ್ತು ಊಟವಾದ ಮೇಲಿನದು. ಹೊಟ್ಟೆ ತುಂಬಿದವರನ್ನು ಎಚ್ಚರವಾಗಿಡಬೇಕಾದರೆ ಹಾಸ್ಯವೇ ಆಗಬೇಕು ಎಂಬುದು ಅವರ ಲೆಕ್ಕ. ನನ್ನ ಲೆಕ್ಕ ಬೇರೆ. ನಿದ್ದೆ ಬಂದವರು ತೂಕಡಿಸಿದರೂ ದೂರದಿಂದ ನೋಡಿದವರಿಗೆ ಭಾಷಣ ಮೆಚ್ಚಿ ತಲೆದೂಗಿದ ಹಾಗೆಯೇ ಕಾಣುತ್ತದೆ. ಆದ್ದರಿಂದ ನೀವು ಸಂಕೋಚ ಪಟ್ಟುಕೊಳ್ಳಬೇಡಿ.

ನಾನು ಈ ಶಾಲೆಯಲ್ಲಿ ಓದಿ, ಬೇರೆ ಊರುಗಳಲ್ಲಿ ಮೂವತ್ತು ವರ್ಷ ಕನ್ನಡ ಪಾಠ ಮಾಡಿ, ನಿವೃತ್ತಿಯಾಗಿ ಮತ್ತೆ ಈ ಕಡೆಗೇ ಬಂದವನು. ಎಷ್ಟು ಊರಿನ ನೀರು ಕುಡಿದರೂ ನಮ್ಮ ಕಡೆಯ ಮಾತಿನ ರುಚಿ ನನಗೆ ಬೇರೆಲ್ಲೂ ಸಿಕ್ಕಲಿಲ್ಲ. ಒಂದು ಉದಾಹರಣೆ ಹೇಳುತ್ತೇನೆ. ನಮ್ಮಲ್ಲಿ ಯಾರ ಮನೆಗಾದರೂ ಹೋದರೆ ಹೇಗೆ ನಡೆಯುತ್ತದೆ?

"ಬನ್ನಿ, ಕಾಫಿ ಕುಡ್ಕಂಡ್ ಹೋಗಿ."

"ಬ್ಯಾಡ ಕಣಕ್ಕ, ಈಗ್ ತಾನೆ ಆಯ್ತು."

"ಅರ್ಧ ಲೋಟ ಕುಡೀರಿ."

"ಅಯ್ಯೋ, ಬ್ಯಾಡ ಅಂದ್ರೆ ಬ್ಯಾಡ."

"ಯಾಕೆ, ನಮ್ಮನೇಲಿ ಕುಡೀಬಾರ್ದಾ? ಪೇಟೆ ಕಾಫಿನೇ ಆಗ್ಬೇಕಾ ನಿಮಗೆ?"

ಅಲ್ಲಿಗೆ ಮುಗಿಯಿತು. ಬೇಡ ಎಂದವರು ಒಂದು ಲೋಟ ಕಾಫಿ ಕುಡಿದು, ಎರಡು ಅಕ್ಕಿರೊಟ್ಟಿ ತಿಂದು, ಹೊರಡುವಾಗ ಒಂದು ಕವರಿನಲ್ಲಿ ಮನೆಯ ಮೆಣಸು ಹಿಡಿದುಕೊಂಡು ಬರುತ್ತಾರೆ. ಇದನ್ನೇ ನಂಬಿಕೊಂಡು ನಮ್ಮೂರಿನವರೊಬ್ಬರು ಬೆಂಗಳೂರಿನಲ್ಲಿ ಒಂದು ಮನೆಗೆ ಹೋದರು. "ಕಾಫಿ ತಗೊಳ್ತೀರಾ?" ಎಂದರು. ಇವರು ಪದ್ಧತಿಯಂತೆ "ಬೇಡ" ಎಂದರು. ಆ ಮನೆಯವರು "ಸರಿ" ಎಂದುಬಿಟ್ಟರು! ಇವರು ಎರಡನೆಯ ಸಲ ಕೇಳುತ್ತಾರೆಂದು ಒಂದು ಗಂಟೆ ಕಾದು, ಬಾಯಿ ಒಣಗಿಸಿಕೊಂಡು ವಾಪಸು ಬಂದರು. ಇದರಲ್ಲಿ ಯಾರ ತಪ್ಪೂ ಇಲ್ಲ. ಅವರ ಸೌಜನ್ಯ ಒಂದು ಪ್ರಶ್ನೆಯದು, ನಮ್ಮದು ಮೂರು ಪ್ರಶ್ನೆಯದು.

ಮಳೆಯ ಮಾತೂ ಹಾಗೆಯೇ. "ನಿಮ್ ಕಡೆ ಎಷ್ಟಾಯ್ತು?" ಎಂದು ಕೇಳುತ್ತೇವೆ. "ಎರಡಿಂಚು" ಎಂದರೆ, "ನಮ್ಮಲ್ಲಿ ಎರಡೂಕಾಲು" ಎನ್ನುತ್ತೇವೆ. ಇಬ್ಬರ ತೋಟಕ್ಕೂ ನಡುವೆ ಇರುವುದು ಒಂದೇ ಬೇಲಿ. ಆ ಕಾಲಿಂಚು ಮೋಡದಿಂದ ಬಂದದ್ದಲ್ಲ, ಬಾಯಿಂದ ಬಂದದ್ದು ಎಂದು ಇಬ್ಬರಿಗೂ ಗೊತ್ತು. ಗೊತ್ತಿದ್ದೂ ಯಾರೂ ಮಳೆಮಾಪಕ ತಂದು ತೋರಿಸು ಎನ್ನುವುದಿಲ್ಲ.

ನಮ್ಮ ದಿನದ ನಗೆಯೆಲ್ಲ ಹೀಗೆ ಎದುರುಬದುರು ಕೂತವರ ನಡುವೆ ಹುಟ್ಟಿದ್ದು. ಕಾಲೆಳೆಯುವವನಿಗೆ ಎದುರಿನವನ ಮುಖ ಕಾಣುತ್ತಿರುತ್ತದೆ. ಮುಖ ಸ್ವಲ್ಪ ಸಣ್ಣದಾದರೆ "ಹೋಗ್ಲಿ ಬಿಡು, ತಮಾಷೆಗಂದೆ" ಎಂದು ಅಲ್ಲೇ ಸರಿಮಾಡಿಕೊಳ್ಳುತ್ತಾನೆ. ನಗಿಸುವವನು ನಗೆಗೆ ಗುರಿಯಾದವನ ಮುಖ ನೋಡುತ್ತಿರಬೇಕು. ಇವತ್ತು ನಾನು ಹೇಳಬೇಕೆಂದಿರುವುದು ಇಷ್ಟೇ ಮಾತು. ಉಳಿದದ್ದೆಲ್ಲ ಅದರ ವಿವರಣೆ.

ಈ ಮಾತಿಗೆ ನಮ್ಮ ಜಿಲ್ಲೆಯಲ್ಲೇ ಒಬ್ಬರು ಸಾಕ್ಷಿಯಾಗಿದ್ದಾರೆ. ಅರಸೀಕೆರೆಯಲ್ಲಿ ಹುಟ್ಟಿದ ಟಿ. ಎನ್. ಬಾಲಕೃಷ್ಣ ಅವರ ಹೆಸರು ಇಲ್ಲಿರುವ ಹಿರಿಯರಿಗೆಲ್ಲ ಗೊತ್ತು. ನಾಟಕ ಕಂಪನಿಗಳಿಂದ ಸಿನಿಮಾಕ್ಕೆ ಬಂದು, ನಗಿಸುವ ಪಾತ್ರವನ್ನೂ ಹಲ್ಲು ಕಚ್ಚುವಂತೆ ಮಾಡುವ ಖಳನ ಪಾತ್ರವನ್ನೂ ಒಂದೇ ಸಲೀಸಿನಲ್ಲಿ ಮಾಡಿದವರು. ಒಂದು ಸಿನಿಮಾ ನೋಡಿ ಅವರನ್ನು ಬೈದವರು, ಇನ್ನೊಂದು ನೋಡಿ ಅವರಿಗಾಗಿಯೇ ನಕ್ಕಿದ್ದಾರೆ. 1995ರಲ್ಲಿ ತೀರಿಕೊಂಡರು. ಅವರಿಗೆ ಕಿವಿ ಸರಿಯಾಗಿ ಕೇಳುತ್ತಿರಲಿಲ್ಲ. ಎದುರಿನ ನಟನ ತುಟಿಯ ಚಲನೆ ನೋಡಿಕೊಂಡೇ ತಮ್ಮ ಮಾತು ಯಾವಾಗ ಶುರುಮಾಡಬೇಕೆಂದು ತಿಳಿದುಕೊಳ್ಳುತ್ತಿದ್ದರು. ಹಾಸ್ಯದಲ್ಲಿ ಅರ್ಧ ಕ್ಷಣ ತಡವಾದರೂ ನಗು ಹೋಯಿತು, ಅರ್ಧ ಕ್ಷಣ ಮುಂಚೆ ಬಂದರೂ ಹೋಯಿತು. ಅಂಥ ಕಡೆ, ಕಿವಿ ಕೇಳದ ಒಬ್ಬರು ಪರದೆಯ ಮೇಲೆ ಸಂಭಾಷಣೆಯ ಕಲೆಯಲ್ಲಿ ಹೆಸರು ಮಾಡಿದರೆಂದರೆ, ಎದುರಿನವರ ಮುಖವನ್ನು ಎಷ್ಟು ಗಮನವಿಟ್ಟು ನೋಡಿರಬೇಕು! ಕಿವಿ ಚೆನ್ನಾಗಿರುವ ನಾವು ಅಷ್ಟು ನೋಡುತ್ತೇವೆಯೇ?

ಪಕ್ಕದ ತಿಪಟೂರಿನ ನರಸಿಂಹರಾಜು ಅವರೂ ಕಂಪನಿ ನಾಟಕದ ಗರಡಿಯಲ್ಲೇ ಪಳಗಿದವರು. 1954ರ 'ಬೇಡರ ಕಣ್ಣಪ್ಪ'ದಲ್ಲಿ ರಾಜ್‌ಕುಮಾರ್ ನಾಯಕರಾಗಿ ಬಂದಾಗಲೇ ನರಸಿಂಹರಾಜು ಕೂಡ ತೆರೆಯ ಮೇಲೆ ಬಂದರು. ಸಣಕಲು ಮೈ, ಮುಂದಕ್ಕೆ ಬಂದ ಹಲ್ಲು. ಇವನ್ನು ಬೇರೆ ಯಾರಾದರೂ ಆಡಿಕೊಂಡಿದ್ದರೆ ಅವಮಾನ. ಅವರು ತಾವೇ ಅವನ್ನು ಬಂಡವಾಳ ಮಾಡಿಕೊಂಡು, ಜನ ನಗುವ ಮುಂಚೆ ತಾವೇ ನಕ್ಕರು. ಅವರಿಗಿಂತ ಮುಂಚೆ ಗುಬ್ಬಿ ವೀರಣ್ಣನವರು. ದೊಡ್ಡ ಕಂಪನಿಯ ಯಜಮಾನರು, ಬೇಕೆಂದರೆ ರಾಜನ ಪಾತ್ರ ಹಾಕಬಹುದಿತ್ತು. ಆದರೆ 'ಸದಾರಮೆ' ನಾಟಕದಲ್ಲಿ ಅವರು ಹೆಸರು ಮಾಡಿದ್ದು ಕಳ್ಳನ ಪಾತ್ರದಿಂದ. ಯಜಮಾನ ತಾನೇ ಕೋಡಂಗಿಯಾದಾಗ ನಗುವ ಜನಕ್ಕೆ ಭಯ ಇರುವುದಿಲ್ಲ.

ಇನ್ನು ನಮ್ಮ ಹೇಮಾವತಿಯ ದಡದ ಗೊರೂರು ರಾಮಸ್ವಾಮಿ ಅಯ್ಯಂಗಾರ್ಯರು. ಸಕಲೇಶಪುರದ ಕಡೆಯಿಂದ ಹರಿದುಹೋಗುವ ಹೊಳೆಯೇ ಅವರ ಊರಿನ ಹೊಳೆ. 1904ರಲ್ಲಿ ಹುಟ್ಟಿದವರು. 'ಹಳ್ಳಿಯ ಚಿತ್ರಗಳು', 'ನಮ್ಮ ಊರಿನ ರಸಿಕರು' ಓದಿದವರಿಗೆ ಗೊತ್ತು, ಅವರು ತಮಾಷೆ ಮಾಡಿದ್ದು ಅಕ್ಕಪಕ್ಕದ ಜನರನ್ನೇ. ಹಾಗೆ ಬರೆಯುವವನಿಗೆ ಒಂದು ಕಷ್ಟವಿದೆ. ರಾತ್ರಿ ಬರೆದದ್ದಕ್ಕೆ ಬೆಳಿಗ್ಗೆ ಅದೇ ಬೀದಿಯಲ್ಲಿ ಮುಖ ಕೊಡಬೇಕು. ಆ ಕಷ್ಟವೇ ಅವರ ಬರಹಕ್ಕೆ ಒಂದು ಹದ ತಂದಿದೆ. ಅವರ ಹಳ್ಳಿಯವರನ್ನು ಓದಿ ನಗುತ್ತೇವೆ, ಆದರೆ ಅವರು ದಡ್ಡರೆಂದು ಅನ್ನಿಸುವುದಿಲ್ಲ. ಅವರ ಜೊತೆ ಜಗಲಿಯ ಮೇಲೆ ಸ್ವಲ್ಪ ಹೊತ್ತು ಕೂರಬೇಕೆನ್ನಿಸುತ್ತದೆ. ಮುಂದೆ ಅಮೆರಿಕಕ್ಕೆ ಹೋಗಿಬಂದು 'ಅಮೆರಿಕಾದಲ್ಲಿ ಗೊರೂರು' ಬರೆದರು. 1980ರಲ್ಲಿ ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಅಲ್ಲಿನ ನಡೆನುಡಿ ಕಂಡು ಬೆರಗಾದರು, ನಕ್ಕರು. ನಕ್ಕಷ್ಟೇ ಪ್ರೀತಿಯಿಂದ ಮೆಚ್ಚಿದರು. ಇನ್ನೊಬ್ಬರ ನಡತೆ ನೋಡಿ ನಗುವಾಗ ನಮ್ಮ ನಡತೆಯೂ ಅವರಿಗೆ ವಿಚಿತ್ರವಾಗಿ ಕಂಡೀತೆಂಬ ಎಚ್ಚರ ಇದ್ದವರು.

ಕೈಲಾಸಂ ಅವರ ನಾಟಕಗಳಲ್ಲಿ ಇಂಗ್ಲಿಷು ಕನ್ನಡ ಕಲಸಿ ಮಾತಾಡುವ ಜನ ಬರುತ್ತಾರೆ. ಆ ನಾಟಕ ನೋಡಲು ಬಂದು ಮುಂದಿನ ಕುರ್ಚಿಯಲ್ಲಿ ಕೂತವರೂ ಹಾಗೆಯೇ ಮಾತಾಡುವವರು! ಬರೆದ ಕೈಲಾಸಂ ಅವರೂ ಲಂಡನ್ನಿಗೆ ಹೋಗಿ ಭೂಗರ್ಭಶಾಸ್ತ್ರ ಓದಿ ಬಂದವರು, ಅವರ ಮಾತೂ ಹಾಗೆಯೇ. ಅಂದರೆ ಕನ್ನಡಿ ಹಿಡಿದವರ ಮುಖವೂ ಆ ಕನ್ನಡಿಯಲ್ಲಿತ್ತು. ಡಾಕ್ಟರ್ ಎಂ. ಶಿವರಾಂ, ನಮ್ಮೆಲ್ಲರ 'ರಾಶಿ', 1942ರಲ್ಲಿ 'ಕೊರವಂಜಿ' ಎಂಬ ಹಾಸ್ಯ ಪತ್ರಿಕೆ ಶುರುಮಾಡಿ ಇಪ್ಪತ್ತೈದು ವರ್ಷ ನಡೆಸಿದರು. ಮುಂದೆ ದೇಶಕ್ಕೇ ಹೆಸರಾದ ವ್ಯಂಗ್ಯಚಿತ್ರಕಾರ ಆರ್. ಕೆ. ಲಕ್ಷ್ಮಣ್ ಅದರಲ್ಲಿ ಚಿತ್ರ ಬರೆಯುತ್ತಿದ್ದರು. 'ಅನರ್ಥಕೋಶ' ಬರೆದು ಕನ್ನಡದ ಪದಗಳಿಗೆ ಕಚಗುಳಿ ಇಟ್ಟ ನಾ. ಕಸ್ತೂರಿಯವರ ಮನೆಮಾತು ಮಲಯಾಳಂ. ನಮ್ಮ ಭಾಷೆಯನ್ನು ಕಲಿತು ಬಂದವರು ನಮ್ಮ ಭಾಷೆಯಲ್ಲೇ ನಮ್ಮನ್ನು ನಗಿಸಿದರು. ನಾವು ಸಿಟ್ಟಾಗಲಿಲ್ಲ, ನಮ್ಮವರು ಎಂದುಕೊಂಡೆವು.

ಹಾಗೆಂದು ಹಾಸ್ಯವೆಂದರೆ ಬರೀ ಮೃದು ಮಾತಲ್ಲ. ಮಾಸ್ಟರ್ ಹಿರಣ್ಣಯ್ಯನವರ 'ಲಂಚಾವತಾರ' ನೋಡಿದವರು ಇಲ್ಲಿ ಬಹಳ ಜನ ಇರಬಹುದು. ಅಧಿಕಾರಿಗಳು, ಮಂತ್ರಿಗಳು ಎಂದು ಹಿಂದೆಮುಂದೆ ನೋಡದೆ ಅಂದಂದಿನ ಸುದ್ದಿ ಹಿಡಿದು ಜಾಡಿಸುತ್ತಿದ್ದರು. ಅದರಲ್ಲಿ ಸೌಜನ್ಯ ಇತ್ತೇ ಎಂದು ಯಾರಾದರೂ ಕೇಳಬಹುದು. ಇತ್ತು. ಅವರು ಹೊಡೆದದ್ದು ತಮಗಿಂತ ಬಲಶಾಲಿಗಳಿಗೆ, ತಿರುಗಿ ಹೊಡೆಯಬಲ್ಲವರಿಗೆ, ಅದೂ ರಂಗದ ಮೇಲೆ ನಿಂತು ತಮ್ಮ ಮುಖ ತೋರಿಸಿಕೊಂಡು. ದೊಡ್ಡವರನ್ನು ನೋಡಿ ನಗುವುದಕ್ಕೆ ಧೈರ್ಯ ಬೇಕು. ತಿರುಗಿ ಮಾತಾಡಲಾರದವನನ್ನು ನೋಡಿ ನಗುವುದಕ್ಕೆ ಏನೂ ಬೇಡ, ಜೊತೆಗೆ ನಾಲ್ಕು ಜನ ಇದ್ದರೆ ಸಾಕು.

ಈಗ ಇಂದಿನ ಹಾಸ್ಯಕ್ಕೆ ಬರೋಣ. ನಮ್ಮ ಕಾಲವೇ ಚೆನ್ನಾಗಿತ್ತು ಎಂದು ಹಾಡುವ ಮುದುಕರ ಸಾಲಿಗೆ ನಾನು ಸೇರುವುದಿಲ್ಲ. ನಾನೂ ಮೊಮ್ಮಗಳ ಜೊತೆ ಕೂತು ಟಿವಿ ನೋಡುತ್ತೇನೆ, ಅವಳು ಮಲಗಿದ ಮೇಲೆ ಮೊಬೈಲಿನಲ್ಲಿ ರೀಲ್ಸೂ ನೋಡುತ್ತೇನೆ. 2016ರಲ್ಲಿ ಶುರುವಾದ 'ಕಾಮಿಡಿ ಕಿಲಾಡಿಗಳು' ಅಂಥ ಕಾರ್ಯಕ್ರಮಗಳಿಂದ ಹಳ್ಳಿಯ ಹುಡುಗ ಹುಡುಗಿಯರಿಗೆ ಒಂದು ವೇದಿಕೆ ಸಿಕ್ಕಿತು. ಅದರಿಂದ ಹೆಸರಾದ ಶಿವರಾಜ್ ಕೆ. ಆರ್. ಪೇಟೆ ಊರಿನ ಹೆಸರನ್ನೇ ತಮ್ಮ ಹೆಸರಿನ ಜೊತೆ ಇಟ್ಟುಕೊಂಡಿದ್ದಾರೆ. ಊರಿನ ಮಾತನ್ನು ಬಚ್ಚಿಡಬೇಕಾಗಿಲ್ಲ ಎಂಬ ಧೈರ್ಯ ನಮ್ಮ ಮಕ್ಕಳಿಗೆ ಇಂಥವರಿಂದ ಬಂದಿದೆ. ಇಂಗ್ಲಿಷಿನಲ್ಲಿ ಮಾತ್ರ ನಡೆಯುತ್ತಿದ್ದ ಸ್ಟ್ಯಾಂಡಪ್ ಕಾಮಿಡಿ ಈಗ ಕನ್ನಡದಲ್ಲೂ ನಡೆಯುತ್ತಿದೆ. ಒಂದು ಮೈಕು, ಒಬ್ಬ ಮನುಷ್ಯ. ಗಂಗಾವತಿ ಪ್ರಾಣೇಶರು ಬೀಚಿಯವರನ್ನು ನೆನೆಯುತ್ತ ಊರೂರು ತಿರುಗಿ ಅದನ್ನೇ ಮಾಡಿಕೊಂಡು ಬಂದಿದ್ದಾರಲ್ಲವೇ! ಹೆಸರು ಹೊಸದು, ಕೆಲಸ ಹಳೆಯದು.

ಆದರೆ ಟಿವಿಯಲ್ಲಾಗಲಿ ಸಿನಿಮಾದಲ್ಲಾಗಲಿ ನನಗೆ ನಗು ಬಾರದ ಜಾಗಗಳೂ ಇವೆ. ಮೈಬಣ್ಣ ಕಪ್ಪು ಎಂದು ಒಂದು ನಗೆ. ದಪ್ಪ ಇದ್ದಾರೆಂದು ಒಂದು ನಗೆ. ತೊದಲುವವರನ್ನು ಅನುಕರಿಸಿ ಒಂದು ನಗೆ. ಮನೆಕೆಲಸದವನ ಪಾತ್ರ ಬಂದ ಕೂಡಲೇ ಅವನ ಬಾಯಿಗೆ ಹಳ್ಳಿಯ ಮಾತು ತುರುಕಿ, ಅದು ಹಳ್ಳಿಯ ಮಾತು ಎಂಬ ಒಂದೇ ಕಾರಣಕ್ಕೆ ನಗೆ. ಇದು ಹೊಸ ರೋಗವಲ್ಲ, ಹಳೆಯ ಸಿನಿಮಾಗಳಲ್ಲೂ ಇತ್ತು. ಇದರ ಪೆಟ್ಟು ಎಲ್ಲಿ ಬೀಳುತ್ತದೆಂದು ನಾನು ತರಗತಿಯಲ್ಲಿ ನೋಡಿದ್ದೇನೆ. ಹಳ್ಳಿಯಿಂದ ಪಟ್ಟಣದ ಕಾಲೇಜಿಗೆ ಬಂದ ಹುಡುಗಿ ಮೊದಲ ವಾರ ಎದ್ದು ನಿಂತು "ಹಿಂಗಂದ್ರೆ ಏನ್ ಸಾ?" ಎಂದು ಕೇಳುತ್ತಾಳೆ. ಹಿಂದಿನ ಬೆಂಚಿನಲ್ಲಿ ಯಾರೋ ಅದೇ ರಾಗದಲ್ಲಿ ಅದನ್ನು ತಿರುಗಿ ಹೇಳುತ್ತಾರೆ. ಎಲ್ಲರೂ ನಗುತ್ತಾರೆ. ಎರಡನೆಯ ವಾರದಿಂದ ಆಕೆ ಪ್ರಶ್ನೆ ಕೇಳುವುದಿಲ್ಲ. ಒಂದು ಕ್ಷಣದ ನಗೆಗೆ ಎರಡು ವರ್ಷದ ಮೌನ. ಇಂಥ ಮಕ್ಕಳು ಕಲಿಯದೆ ಹೋದದ್ದೆಷ್ಟೋ, ಅದಕ್ಕೆ ಯಾವ ಅಂಕಪಟ್ಟಿಯಲ್ಲೂ ಲೆಕ್ಕವಿಲ್ಲ.

ಇನ್ನು ಮೊಬೈಲಿನ ಮಾತು. ನನಗೊಂದು ವಿಡಿಯೊ ಬಂತು. ಕಾಫಿ ತೋಟದ ರಸ್ತೆಯಲ್ಲಿ ಕಾಡಾನೆ ಎದುರಾಗಿ ಒಬ್ಬರು ಓಡುತ್ತಿದ್ದಾರೆ. ಒಂದು ಚಪ್ಪಲಿ ಕಳಚಿದೆ, ಪಂಚೆ ಕೈಯಲ್ಲಿದೆ. ಯಾರೋ ದೂರದ ದಿಬ್ಬದ ಮೇಲಿಂದ ತೆಗೆದದ್ದು. ಅದಕ್ಕೊಂದು ಕುಣಿತದ ಹಾಡು ಸೇರಿಸಿದ್ದಾರೆ. ಕೆಳಗೆ ಕಣ್ಣಲ್ಲಿ ನೀರು ಬರುವಂತೆ ನಗುವ ಮುಖಗಳ ಸಾಲು. ಒಂದೇ ದಿನದಲ್ಲಿ ಐದು ಗುಂಪುಗಳಿಂದ ಅದೇ ಬಂತು. ಆನೆ ಎಂದರೆ ಏನು ಎಂದು ಈ ಸಭೆಗೆ ನಾನು ಹೇಳಬೇಕಾಗಿಲ್ಲ. ಆಲೂರು, ಸಕಲೇಶಪುರದ ಕಡೆ ಬೆಳಗಿನ ಜಾವ ತೋಟಕ್ಕೆ ಹೋದವರು ಸಂಜೆ ಮನೆಗೆ ಬಾರದೆ ಹೋದದ್ದನ್ನು ನಾವೆಲ್ಲ ನೋಡಿದ್ದೇವೆ. ಅಂಥ ಮನೆಗಳಿಗೂ ಆ ವಿಡಿಯೊ ಹೋಗಿರುತ್ತದೆ.

ಓಡಿದವರು ನನಗೆ ಪರಿಚಯದವರೇ. ಕೆಲವು ದಿನ ಬಿಟ್ಟು ಸಿಕ್ಕಿದರು. ಬೈಯಲಿಲ್ಲ, ಬೇಸರದಿಂದ ಹೇಳಿದರು: "ಆನೆಯಿಂದ ತಪ್ಪಿಸ್ಕಂಡೆ ಸಾ, ಮೊಬೈಲಿಂದ ತಪ್ಪಿಸ್ಕಳ್ಳಕಾಗ್ಲಿಲ್ಲ." ಅವರ ಮಗಳು ಹೈಸ್ಕೂಲಿನಲ್ಲಿ ಓದುತ್ತಾಳೆ. ವ್ಯಾನಿನಲ್ಲಿ ಯಾರೋ ಆ ಹಾಡು ಹಾಕಿದರಂತೆ. ಮಾರನೆಯ ದಿನದಿಂದ ವ್ಯಾನು ಬಿಟ್ಟು ನಡೆದು ಹೋಗಲು ಶುರುಮಾಡಿದಳಂತೆ. ಆ ದಾರಿಯಲ್ಲೂ ಆನೆ ಇದೆ.

ಆಮೇಲೆ ಒಂದು ಸಂಜೆ ಅದೇ ಮನುಷ್ಯ ಟೀ ಅಂಗಡಿಯ ಮುಂದೆ ಆ ಕಥೆಯನ್ನು ತಾವೇ ಹೇಳಿದರು. "ಆನೆಗೆ ನನ್ ಹಿಂದೆ ಬರೋ ಉದ್ದೇಶನೇ ಇರ್ಲಿಲ್ಲ ಕಣಪ್ಪ. ಅದು ಅದರ ದಾರಿ ಹಿಡ್ದು ಹೋಯ್ತಿತ್ತು. ನಾನೇ ಅದರ ಮುಂದೆ ಓಡ್ತಾ ಅದಕ್ಕೆ ದಾರಿ ತೋರುಸ್ತಿದ್ದೆ!" ಅಲ್ಲಿದ್ದವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ಅವರೂ ನಕ್ಕರು. ನಕ್ಕಾದ ಮೇಲೆ ಒಬ್ಬರು, "ನಾಳೆಯಿಂದ ಒಬ್ರೇ ಹೋಗ್ಬ್ಯಾಡಿ, ನಾನೂ ಬತ್ತೀನಿ" ಎಂದರು. ಅದೇ ಮನುಷ್ಯ, ಅದೇ ಆನೆ, ಅದೇ ಓಟ. ವಿಡಿಯೊ ನೋಡಿ ನಕ್ಕ ಎಷ್ಟೋ ಜನರಲ್ಲಿ ಒಬ್ಬರಾದರೂ ಅವರಿಗೆ ಜೊತೆಯಾಗಲಿಲ್ಲ. ಟೀ ಅಂಗಡಿಯಲ್ಲಿ ನಕ್ಕವರಲ್ಲಿ ಒಬ್ಬರು ಆದರು, ಏಕೆಂದರೆ ಅವರು ಹೇಳುವವರ ಮುಖ ನೋಡುತ್ತಿದ್ದರು. ತನ್ನ ಪೇಚಿನ ಕಥೆಯನ್ನು ಹೇಳುವ ಮೊದಲ ಹಕ್ಕು ಪೇಚಿಗೆ ಸಿಕ್ಕಿದವನದು.

"ಹೀಗೆ ಒಂದೊಂದು ಮಾತನ್ನೂ ತಕ್ಕಡಿಗೆ ಹಾಕುತ್ತಾ ಕೂತರೆ ನಗುವುದು ಯಾವಾಗ?" ಎಂದು ಹುಡುಗರು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಮುಟ್ಟಿದರೆ ಮುನಿಯುವವರು ಹೆಚ್ಚಾಗಿದ್ದಾರೆ, ಅದೂ ನಿಜ. ನಾಟಕದ ಒಂದು ಮಾತಿಗೆ ಗಲಾಟೆ, ಸಿನಿಮಾದ ಒಂದು ದೃಶ್ಯಕ್ಕೆ ಪ್ರತಿಭಟನೆ. ಎಲ್ಲರೂ ಎಲ್ಲದಕ್ಕೂ ನೊಂದುಕೊಂಡರೆ ಹಾಸ್ಯಗಾರರು ಹವಾಮಾನ ವರದಿ ಓದಬೇಕಷ್ಟೇ. ನಾನು ಕೇಳುತ್ತಿರುವುದು ಕಡಿಮೆ ನಗಿ ಎಂದಲ್ಲ. ನಮ್ಮ ಹಿರಿಯರು ಕಡಿಮೆ ನಗುತ್ತಿರಲಿಲ್ಲ, ಅವರ ನಗೆಗೆ ಕಟ್ಟುಪಾಡು ಇತ್ತು ಅಷ್ಟೇ.

ಹಳೆಯ ಮದುವೆಗಳಲ್ಲಿ ಬೀಗರನ್ನು ಜರೆಯುವ ಹಾಡುಗಳನ್ನು ನೆನಪು ಮಾಡಿಕೊಳ್ಳಿ. ಗಂಡಿನ ತಾಯಿಯ ಮೂಗು, ಹೆಣ್ಣಿನ ಅಪ್ಪನ ಜಿಪುಣತನ, ಯಾವುದನ್ನೂ ಬಿಡುತ್ತಿರಲಿಲ್ಲ. ಇವತ್ತಿನ ಯಾವ ಟಿವಿ ಕಾರ್ಯಕ್ರಮದಲ್ಲೂ ಅಷ್ಟು ಖಾರ ಇಲ್ಲ! ಆದರೂ ಸಂಬಂಧ ಕೆಡುತ್ತಿರಲಿಲ್ಲ. ಯಾಕೆಂದರೆ ಈ ಕಡೆಯವರು ಹಾಡಿದ ಮೇಲೆ ಆ ಕಡೆಯವರಿಗೂ ಸರದಿ ಇತ್ತು. ಎರಡೂ ಕಡೆಯವರು ಎದುರಿಗೇ ಕೂತಿರುತ್ತಿದ್ದರು. ಹಾಡು ಮುಗಿದ ಮೇಲೆ ಒಂದೇ ಸಾಲಿನಲ್ಲಿ ಊಟ. ತೀರಾ ಮೈಮೇಲೆ ಬರುವ ಮಾತು ಬಂದರೆ ಹಿರಿಯ ಹೆಂಗಸೊಬ್ಬರು "ಸಾಕು ಬಿಡ್ರೇ" ಎನ್ನುತ್ತಿದ್ದರು, ಅಲ್ಲಿಗೆ ನಿಲ್ಲುತ್ತಿತ್ತು. ಈಗಿನ ವಾಟ್ಸಾಪ್ ಗುಂಪಿನಲ್ಲಿ ಇಷ್ಟರಲ್ಲಿ ಯಾವುದಿದೆ? ಸರದಿ ಇಲ್ಲ, ಮುಖ ಇಲ್ಲ, ಊಟ ಇಲ್ಲ. ಅಡ್ಮಿನ್ ಇದ್ದಾರೆ, "ಸಾಕು ಬಿಡ್ರೇ" ಎನ್ನುವ ಅಜ್ಜಿ ಇಲ್ಲ.

ಶಿಕ್ಷಕ ಮಿತ್ರರಿಗೆ ಒಂದು ಮಾತು. ತರಗತಿಯಲ್ಲಿ ಹಾಸ್ಯ ಇರಲೇಬೇಕು. ನಗದ ಮೇಷ್ಟರ ಪಾಠ ಕೇಳುವುದು ಜಡಿಮಳೆಯಲ್ಲಿ ಕೊಡೆ ಇಲ್ಲದೆ ನಿಂತ ಹಾಗೆ. ಆದರೆ ತರಗತಿಯಲ್ಲಿ ಮೇಷ್ಟರು ಒಬ್ಬ ಹುಡುಗನನ್ನು ಗುರಿ ಮಾಡಿ ಜೋಕು ಹೊಡೆದರೆ ಅವನಿಗೆ ಸರದಿ ಇರುವುದಿಲ್ಲ. ತಿರುಗಿ ಹೇಳಿದರೆ ಉದ್ಧಟತನ, ಹೇಳದಿದ್ದರೆ ಆ ಅಡ್ಡಹೆಸರು ಹತ್ತನೆಯ ತರಗತಿ ಮುಗಿಯುವವರೆಗೂ ಅವನ ಬೆನ್ನು ಬಿಡುವುದಿಲ್ಲ. ಈ ಸಭೆಯಲ್ಲಿ ಅರವತ್ತು ದಾಟಿದವರೂ ಇದ್ದಾರೆ. ತಮ್ಮ ಅಡ್ಡಹೆಸರನ್ನು ನಗುತ್ತಾ ನೆನೆಯುವವರು ಕೈ ಎತ್ತಿ ಎಂದರೆ ಬಹಳ ಕೈ ಏಳುತ್ತವೆ. ಕೈ ಎತ್ತದೆ ಸುಮ್ಮನೆ ನೆಲ ನೋಡುವವರೂ ಒಂದಿಬ್ಬರು ಇರುತ್ತಾರೆ. ನಾನು ಮಾತಾಡುತ್ತಿರುವುದು ಅವರ ಪರವಾಗಿ.

ಐವತ್ತು ವರ್ಷ ತುಂಬಿದ ಶಾಲೆಗೆ ಕಟ್ಟಡ, ಕಂಪ್ಯೂಟರ್, ಬೆಂಚುಗಳನ್ನು ಕೊಡಲು ಹಳೆಯ ವಿದ್ಯಾರ್ಥಿಗಳು ಮುಂದೆ ಬಂದಿದ್ದೀರಿ. ನನ್ನದೊಂದು ಸಣ್ಣ ಬೇಡಿಕೆ. ಪ್ರತಿ ವರ್ಷ ವಾರ್ಷಿಕೋತ್ಸವಕ್ಕೆ ಮಕ್ಕಳು ತಾವೇ ಬರೆದ ಒಂದು ನಗೆನಾಟಕ ಆಡಲಿ, ನಮ್ಮ ಆಲೂರು ಸೀಮೆಯ ಮಾತಿನಲ್ಲೇ ಆಡಲಿ. ಅದರಲ್ಲಿ ಮಳೆಯ ಇಂಚು ಹೆಚ್ಚಿಸಿ ಹೇಳುವ ನಾವು ಬರಲಿ, ಶುಂಠಿಯ ರೇಟು ಇಳಿದಾಗ ಕಾಣುವ ನಮ್ಮ ಮುಖ ಬರಲಿ, ಮೇಷ್ಟರೂ ಬರಲಿ, ಭಾಷಣ ಉದ್ದ ಮಾಡುವ ಹಳೆಯ ವಿದ್ಯಾರ್ಥಿಯೂ ಬರಲಿ. ನಾವೆಲ್ಲ ಮುಂದಿನ ಸಾಲಿನಲ್ಲಿ ಕೂತು ನೋಡೋಣ. ಕೈಲಾಸಂ ಅವರ 'ಟೊಳ್ಳುಗಟ್ಟಿ'ಯನ್ನೂ ಒಂದು ವರ್ಷ ಆಡಿಸಿ. ಓದಿನಲ್ಲಿ ಮುಂದಿರುವ ಪುಟ್ಟು, ಓದಿನಲ್ಲಿ ಹಿಂದಿದ್ದರೂ ಮನೆಯವರ ಕಷ್ಟಕ್ಕೆ ಒದಗುವ ಮಾಧು, ಇಬ್ಬರಲ್ಲಿ ಗಟ್ಟಿ ಯಾರು ಎಂಬ ಪ್ರಶ್ನೆ ಇವತ್ತಿನ ಶಾಲೆಗೂ ಬೇಕಾದದ್ದೇ. ಲೈಬ್ರರಿಯಲ್ಲಿ ಗೊರೂರರ ಪುಸ್ತಕಗಳು ಬೀರುವಿನ ಒಳಗಲ್ಲ, ಮಕ್ಕಳ ಕೈಯಲ್ಲಿರಲಿ.

ಮಕ್ಕಳೇ, ನಿಮಗೆ ಒಂದೇ ಮಾತು. ಯಾರಾದರೂ ಜಾರಿ ಬಿದ್ದರೆ ನಗು ಬರುತ್ತದೆ. ಅದನ್ನು ತಡೆಯಲು ಆಗುವುದಿಲ್ಲ, ತಡೆಯಿರಿ ಎಂದು ನಾನು ಹೇಳುವುದೂ ಇಲ್ಲ. ಮೊದಲು ಕೈ ಕೊಟ್ಟು ಎಬ್ಬಿಸಿ. ಅವರ ಮುಖ ನೋಡಿ. ಅವರು ನಕ್ಕರೆ ನೀವೂ ಮನಸಾರೆ ನಗಿ. ಆಗ ಮೊಬೈಲು ಜೇಬಿನಲ್ಲೇ ಇರಲಿ. ಯಾರದಾದರೂ ವಿಡಿಯೊ ಹಂಚಬೇಕೆನ್ನಿಸಿದರೆ ಅವರನ್ನೊಮ್ಮೆ ಕೇಳಿ. ನಮ್ಮ ಊರಿನ ಪದ್ಧತಿಯಂತೆ ಮೂರು ಸಲ ಕೇಳಿದರೂ ಪರವಾಗಿಲ್ಲ. ಆದರೆ ಕಾಫಿಯ ವಿಷಯದಲ್ಲಿ 'ಬೇಡ' ಎಂದರೆ 'ಬೇಕು' ಎಂದು ಅರ್ಥವಾಗಬಹುದು, ಇಲ್ಲಿ 'ಬೇಡ' ಎಂದರೆ ಬೇಡವೇ.

 ಈ ಶಾಲೆ ನೂರು ವರ್ಷ ದಾಟಲಿ, ಇಲ್ಲಿ ಕಲಿತ ಮಕ್ಕಳ ಮುಖದಲ್ಲಿ ನಗು ಇರಲಿ.